ಬೇಟೆ ಬೇಡ, ಡೇರೆ ಇರಲಿ

ಪ್ರಶ್ನೆ: ನಮ್ಮದು ಚಿಂಚೋಳಿ ತಾಲೂಕು. ಹೊಲ ಕಾಡಿನ ಅಂಚಿಗಿದೆ, ತೊಗರಿ ಹಾಕಿದ್ದೇವೆ. ರಾಶಿ ಮಾಡುವಾಗ ಎಂಟು ಹತ್ತು ರಾತ್ರಿ ಅಲ್ಲೇ ಮಲಗಬೇಕು. ಮೊಬೈಲ್‌ನಲ್ಲಿ ಅಮೆರಿಕದ ಬೇಟೆಗಾರರ ಡೇರೆ ನೋಡಿದೆ. ಮನೆ ಥರ ನೇರ ಗೋಡೆ, ಒಳಗೆ ಮಂಚ, ಕಟ್ಟಿಗೆ ಒಲೆ ಎಲ್ಲಾ ಇದೆ. ಅಂಥದ್ದೇ ಒಂದು ಕ್ಯಾನ್ವಾಸ್‌ನಲ್ಲಿ ಹೊಲಿಸಬೇಕು ಅಂತಿದ್ದೇನೆ. ಯಾವ ಬಟ್ಟೆ, ಎಷ್ಟು ಅಳತೆ? ಹಂದಿ ಬೇಟೆಗೂ ಆಗುತ್ತೆ ಅಂತ ಗೆಳೆಯರು ಹೇಳ್ತಾರೆ.

ಉತ್ತರ: ಗೆಳೆಯರ ಮಾತು ಮೊದಲು ಮುಗಿಸಿಬಿಡೋಣ ಅಣ್ಣಾ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಬೇಟೆಯಾಡುವುದು ಅಪರಾಧ, ಉರುಳು ಹಾಕುವುದೂ ಬೇಟೆಯೇ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ ಬೇರೆ. ಹಂದಿ ಬೆಳೆ ಹಾಳು ಮಾಡಿದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ, ಬಂದೂಕಿನ ಮಾತು ಬಿಡಿ. ಡೇರೆ ನಿಮ್ಮ ಹೊಲದೊಳಗೇ ಇರಲಿ.

ಇನ್ನು ಡೇರೆಗೆ ಬರೋಣ. ನೀವು ನೋಡಿದ್ದು ಹಿಮ ಬೀಳುವ ಗುಡ್ಡಗಳಲ್ಲಿ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ ಹೋಗುವವರು ವಾರಗಟ್ಟಲೆ ಉಳಿಯೋದಕ್ಕೆ ಹಾಕುವಂಥದ್ದು. ಹಿಮ ಜಾರಿ ಬೀಳಲಿ ಅಂತ ಚಾವಣಿ ಕಡಿದಾಗಿರುತ್ತದೆ, ಒಲೆಯ ಕೊಳವೆ ಹೊರಗೆ ಹೋಗಲು ಬೆಂಕಿ ತಾಳುವ ಬಟ್ಟೆಯ ತೂತು ಇರುತ್ತದೆ. ನಮಗೆ ಇವೆರಡೂ ಬೇಕಿಲ್ಲ. ಅದರಿಂದ ತಗೊಳ್ಳಬೇಕಾದದ್ದು ನೇರ ಗೋಡೆ ಒಂದೇ. ಸುಮ್ನೆ ಇಳಿಜಾರಾಗಿ ಹೊದಿಸಿದ ತಾಡಪತ್ರಿಯೊಳಗೆ ನಡು ಬಿಟ್ಟರೆ ಬೇರೆಲ್ಲೂ ನಿಲ್ಲೋಕಾಗಲ್ಲ. ಐದು ಅಡಿ ಗೋಡೆ ಇದ್ದರೆ ಮಂಚವನ್ನು ಗೋಡೆಗೆ ಹತ್ತಿಸಿ ಹಾಕಬಹುದು, ನಡುವೆ ಓಡಾಡೋಕೆ ಜಾಗ ಉಳಿಯುತ್ತದೆ.

ಇಬ್ಬರು ಮೂವರಿಗೆ 10 ಅಡಿ ಅಗಲ, 12 ಅಡಿ ಉದ್ದ ಸಾಕು. ಗೋಡೆ 5 ಅಡಿ, ನಡು ಎತ್ತರ 8 ಅಡಿ ಅಂತ ಇಟ್ಟುಕೊಂಡು ನಾನೇ ಲೆಕ್ಕ ಹಾಕಿದೆ. ಚಾವಣಿ, ಗೋಡೆ ಎಲ್ಲಾ ಸೇರಿ ಹತ್ತಿರ ಹತ್ತಿರ 36 ಚದರ ಮೀಟರ್ ಬಟ್ಟೆ ಬೇಕು. ಚದರ ಮೀಟರ್‌ಗೆ 400 ಗ್ರಾಂ ಬಟ್ಟೆ ಅಂದರೆ ಹದಿನಾಲ್ಕೂವರೆ ಕೆಜಿ, ಹೊಲಿಗೆ ಮಡಿಕೆ, ಹಗ್ಗ, ಗಳ ಬೇರೆ. ಬೈಕಿನ ಮೇಲೆ ಒಯ್ಯೋದು ಕಷ್ಟ, ಟ್ರ್ಯಾಕ್ಟರ್ ಟ್ರಾಲಿಗೆ ಹಾಕಿದರೆ ಚಿಂತೆಯಿಲ್ಲ. ಅದಕ್ಕಿಂತ ದಪ್ಪ ಬಟ್ಟೆಗೆ ಹೋಗಬೇಡಿ, ಒಬ್ಬರೇ ಎತ್ತೋಕಾಗಲ್ಲ.

ಅಂಗಡಿಯಲ್ಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜಿ ನೋಡಿ. ಬಿಳಿ ಪುಡಿ ಉದುರಿದರೆ ಗಂಜಿ ತಿನ್ನಿಸಿ ದಪ್ಪ ಮಾಡಿದ್ದು ಅಂತ ಅರ್ಥ, ಒಂದು ಮಳೆಗೆ ಗಂಜಿ ಹೋಗಿ ಜಾಲರಿ ಉಳಿಯುತ್ತದೆ. ಆಮೇಲೆ ಬಿಸಿಲಿಗೆ ಹಿಡಿಯಿರಿ, ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ಚುಚ್ಚಿಕೊಂಡು ಬಂದರೆ ಬೇರೆ ಥಾನು ಕೇಳಿ. ಪೂರ್ತಿ ಹತ್ತಿಯದೇ ತಗೊಳ್ಳಿ. ಪ್ಲಾಸ್ಟಿಕ್ ಹಾಳೆಯೊಳಗೆ ಮೂರು ಜನ ಮಲಗಿದರೆ ಉಸಿರಿನ ತೇವವೇ ಚಾವಣಿಗೆ ಅಂಟಿ ಬೆಳಗಿನ ಜಾವ ಹನಿ ಬೀಳುತ್ತೆ, ಹತ್ತಿ ಆ ತೇವವನ್ನು ಹೊರಗೆ ಬಿಡುತ್ತದೆ. ನಮ್ಮ ಕಡೆ ಬಿಸಿಲಿಗೂ ಅದೇ ವಾಸಿ.

ಹೊಲಿಸಿ ತಂದ ದಿನವೇ ರಾಶಿಗೆ ಒಯ್ಯಬೇಡಿ. ಅಂಗಳದಲ್ಲಿ ನಿಲ್ಲಿಸಿ ಪೂರ್ತಿ ನೆನೆಸಿ, ನಿಂತಲ್ಲೇ ಒಣಗಿಸಿ. ಎರಡು ಸಲ ಮಾಡಿ. ನೂಲು ಉಬ್ಬಿ ಹೊಲಿಗೆಯ ಸೂಜಿ ತೂತು ಮುಚ್ಚಿಕೊಳ್ಳುತ್ತವೆ. ಒದ್ದೆಯಾದಾಗ ಹತ್ತಿ ಕುಗ್ಗುತ್ತದೆ ಅನ್ನೋದು ನೆನಪಿರಲಿ, ಹಗ್ಗವನ್ನು ಬಿಗಿ ಕಟ್ಟಿ ಮಲಗಿದರೆ ಅಕಾಲಿಕ ಮಳೆ ಬಂದ ರಾತ್ರಿ ಗೂಟ ಕಿತ್ತು ಬರುತ್ತದೆ. ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಗೂಟದ್ದೇ ದೊಡ್ಡ ತಲೆನೋವು ಅಲ್ವಾ? ಒಣಗಿದಾಗ ಬಿರುಕು, ನೆನೆದಾಗ ಬೆಣ್ಣೆ. ಒಂದೂವರೆ ಅಡಿ ಕಬ್ಬಿಣದ ಸಲಾಕೆ ಓರೆಯಾಗಿ ಹೊಡೆಯಿರಿ. ಅದೂ ನಿಲ್ಲದಿದ್ದರೆ ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿಯಲ್ಲಿ ಹೂತುಬಿಡಿ. ಬೀದರ್ ಕಡೆಯವರಿಗೆ ಈ ಪಾಡಿಲ್ಲ, ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಸೋದೇ ಸಾಹಸ.

ಇನ್ನೊಂದು, ಒರಲೆ, ಅಂದರೆ ಗೆದ್ದಲು. ಹತ್ತಿ ಬಟ್ಟೆ ನೆಲಕ್ಕೆ ತಾಗಿದರೆ ಅದು ಬಿಡಲ್ಲ. ಗೋಡೆಯ ಕೆಳಗೆ ಒಂದು ಗೇಣು ಪ್ಲಾಸ್ಟಿಕ್ ತಾಡಪತ್ರಿಯ ಪಟ್ಟಿ ಹೊಲಿಸಿ, ಒಳಕ್ಕೆ ಮಡಚಿ ಮೇಲೆ ನೆಲಹಾಸು ಹಾಕಿ. ಚೇಳು, ಇಲಿ ಬರೋದೂ ಕಡಿಮೆಯಾಗುತ್ತದೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೀದರ್‌ನ ಹೊಲದಲ್ಲಿ ಚಳಿ ಜಾಸ್ತಿ. ಡೇರೆಯೊಳಗೆ ಒಂದು ಬುಟ್ಟಿ ಕೆಂಡ ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇರಲ್ಲ, ಹೊಗೆಯೂ ಕಾಣಲ್ಲ, ಮಲಗಿದವರು ಏಳೋದಿಲ್ಲ. ಒಂದು ಕಂಬಳಿ ಜಾಸ್ತಿ ಒಯ್ಯಿರಿ.

ಪ್ರಶ್ನೆ: ಹೋದ ವರ್ಷ ಹೊಲಿಸಿದ ಡೇರೆಗೆ ಕರಿ ಚುಕ್ಕಿ ಬಿದ್ದಿವೆ. ಬಟ್ಟೆಯವನು ಮೋಸ ಮಾಡಿದನೇ?

ಉತ್ತರ: ಬಟ್ಟೆಯವನನ್ನು ಬೈಯುವ ಮೊದಲು ಹೇಳಿ, ಮಡಚುವಾಗ ಒದ್ದೆ ಇತ್ತಾ? ನನ್ನದೂ ಹಾಗೇ ಹಾಳಾಯಿತು. ಬೆಳಗಿನ ಇಬ್ಬನಿ ಆರುವ ತನಕ ಕಾಯದೆ ಸುತ್ತಿ ಅಟ್ಟದ ಮೇಲೆ ಹಾಕಿದ್ದೆ. ಎರಡು ತಿಂಗಳಾದ ಮೇಲೆ ಬಿಚ್ಚಿದರೆ ಕೊಳೆತ ಎಲೆಯ ವಾಸನೆ, ಮಡಿಕೆ ಮಡಿಕೆಗೆ ಸಾಸಿವೆಯಂಥ ಚುಕ್ಕಿ. ಬೂಷ್ಟು ಅದು. ಬಿಸಿಲಿಗೆ ಹಾಕಿ ಒಣ ಬ್ರಷ್‌ನಿಂದ ಉಜ್ಜಿ, ವಾಸನೆ ಹೋಗುತ್ತದೆ, ಕಲೆ ಹೋಗಲ್ಲ. ಚುಕ್ಕಿ ಇರುವ ಕಡೆ ಬಟ್ಟೆಯನ್ನು ಚಿವುಟಿ ಎಳೆದು ನೋಡಿ. ಪರ್ ಅಂತ ಹರಿದರೆ ಆ ಹಾಳೆ ತೆಗೆಸಿ ಹೊಸದು ಹಾಕಿಸಿ, ತಡೆದುಕೊಂಡರೆ ಇನ್ನೂ ಎರಡು ರಾಶಿಗೆ ಚಿಂತೆಯಿಲ್ಲ.