ಪೊರಕೆಯೋ, ಪರಕೆಯೋ, ಕಸಬರಿಗೆಯೋ?

ಪ್ರಶ್ನೆ: ನಾವು ಮಂಡ್ಯದ ಕಡೆಯವರು, ಈಗ ಮೈಸೂರಿನಲ್ಲಿ ನೆಲೆಸಿದ್ದೇವೆ. ನಮ್ಮ ಮನೆಯಲ್ಲಿ ‘ಪರಕೆ’ ಎನ್ನುವುದೇ ರೂಢಿ. ಮೂರನೆಯ ತರಗತಿಯ ಮೊಮ್ಮಗಳು ಹಾಗೆಯೇ ಬರೆದದ್ದಕ್ಕೆ ಶಾಲೆಯಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ಧಾರವಾಡದಿಂದ ಬಂದ ಸೊಸೆ ‘ಕಸಬರಿಗೆ’ ಎನ್ನುತ್ತಾಳೆ. ಕಸವನ್ನು ಹೊರಕ್ಕೆ ಹಾಕುವುದರಿಂದಲೇ ‘ಪೊರಕೆ’ ಎಂಬ ಹೆಸರು ಬಂತೆಂದು ನೆರೆಮನೆಯವರು ಹೇಳುತ್ತಾರೆ. ಇದು ನಿಜವೇ? ಸರಿಯಾದ ರೂಪ ಯಾವುದು? ಈಗಿನ ಉದ್ದ ಹಿಡಿಯ ಮಾಪನ್ನೂ ಪೊರಕೆ ಎನ್ನಬಹುದೇ?
ಓದುಗರೊಬ್ಬರು, ಮೈಸೂರು

ಉತ್ತರ: ನೆರೆಮನೆಯವರ ವಿವರಣೆ ಕೇಳಲು ಸೊಗಸಾಗಿದೆ, ಆದರೆ ಒಪ್ಪಲು ಕಷ್ಟ. ಹಳಗನ್ನಡದ ಪದಾದಿಯ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾಯಿತು; ‘ಪಾಲ್’ ‘ಹಾಲು’ ಆಯಿತು, ‘ಪೂ’ ‘ಹೂ’ ಆಯಿತು, ‘ಹೊರಗೆ’ ಎಂಬ ಮಾತೂ ಅದೇ ದಾರಿಯಲ್ಲಿ ಬಂದದ್ದು. ‘ಪೊರಕೆ’ಗೆ ‘ಹೊರ’ ಎಂಬುದೇ ಮೂಲವಾಗಿದ್ದರೆ, ದಿನಕ್ಕೆ ಹತ್ತು ಸಲ ‘ಹೊರಗೆ ಹೋಗು’ ಎನ್ನುವ ನಾವು ಅದನ್ನೂ ‘ಹೊರಕೆ’ ಎನ್ನಬೇಕಾಗಿತ್ತು. ಹಾವಿನ ‘ಪೊರೆ’ಯಂತೆ ಪಕಾರವನ್ನು ಬಿಡದೆ ಉಳಿದ ಪದಗಳೂ ಇರುವುದರಿಂದ ಇದೊಂದೇ ಕಾರಣ ಸಾಲದೆಂದು ಯಾರಾದರೂ ವಾದಿಸಬಹುದು. ಆಗ ತೆಲುಗಿನ ಕಡೆ ನೋಡಬೇಕು. ಅಲ್ಲಿಯೂ ಕಸ ಗುಡಿಸುವ ಸಾಧನಕ್ಕೆ ‘ಪೊರಕ’ ಎಂಬ ಹೆಸರಿದೆ, ಆದರೆ ಹೊರಗೆ ಎನ್ನಲು ಅವರು ಬಳಸುವುದು ‘ಬಯಟ’, ‘ವೆಲುಪಲ’ ಎಂಬ ಬೇರೆಯೇ ಮಾತುಗಳನ್ನು. ಅದೇ ತೆಲುಗಿನಲ್ಲಿ ಹುಲ್ಲಿನ ಎಸಳಿಗೆ ‘ಗಡ್ಡಿ ಪರಕ’ ಎನ್ನುತ್ತಾರೆ. ಕಸವನ್ನು ಹೊರಕ್ಕೆ ತಳ್ಳುವ ಕೆಲಸಕ್ಕಿಂತ, ಕಟ್ಟಿದ ಹುಲ್ಲುಕಡ್ಡಿಯಿಂದಲೇ ಈ ಹೆಸರು ಬಂದಿರುವ ಸಂಭವ ಹೆಚ್ಚೆಂದು ನನಗೆ ತೋರುತ್ತದೆ. ನಿಮ್ಮ ಮನೆಯ ‘ಪರಕೆ’ ಆ ಎಸಳಿನ ಹೆಸರಿಗೆ ಇನ್ನೂ ಹತ್ತಿರದಲ್ಲಿದೆ.

ನಮ್ಮ ಸೀಮೆಯ ಬಳಕೆಯೂ ಇದಕ್ಕೆ ಹೊಂದುತ್ತದೆ, ಏಕೆಂದರೆ ಇಲ್ಲಿ ಪೊರಕೆಯ ಬಗೆಗಳನ್ನು ಗುರುತಿಸುವುದು ಅದನ್ನು ಯಾವುದರಿಂದ ಕಟ್ಟಿದ್ದಾರೆ ಎಂಬುದರ ಮೇಲೆ. ಮದ್ದೂರು, ಮಂಡ್ಯದ ತೆಂಗಿನ ತೋಟಗಳ ಸುತ್ತ ಕಡ್ಡಿ ಪೊರಕೆಯನ್ನು ಮನೆಯಲ್ಲಿಯೇ ಕಟ್ಟುವ ವಾಡಿಕೆಯಿದೆ. ಬಿದ್ದ ಗರಿಯ ಒಂದೊಂದು ಎಲೆಯನ್ನೂ ಬಿಡಿಸಿಕೊಂಡು, ನಡುವಿನ ಕಡ್ಡಿಯ ಎರಡೂ ಬದಿಯ ಸೋಗೆಯನ್ನು ಕುಡುಗೋಲಿನಿಂದಲೋ ಚಾಕುವಿನಿಂದಲೋ ಹೆರೆದು, ಎರಡು ದಿನ ಬಿಸಿಲಿಗೆ ಹಾಕಿ, ಹಿಡಿಗೆ ತುಂಬುವಷ್ಟು ಕಡ್ಡಿಗಳ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ ಬಿಗಿಯಾಗಿ ಕಟ್ಟುತ್ತಾರೆ. ಬಳಸುತ್ತ ಬಳಸುತ್ತ ಕಟ್ಟು ಸಡಿಲವಾದಾಗ ಮತ್ತೆ ಅದೇ ರೀತಿ ಬುಡ ಕುಟ್ಟಿದರೆ ಒಳಗೆ ಜಾರಿದ ಕಡ್ಡಿಗಳು ಸಾಲಿಗೆ ಬರುತ್ತವೆ. ತುದಿ ಸವೆದು ಮೋಟಾದದ್ದು ಅಂಗಳದಿಂದ ಬಚ್ಚಲಿಗೋ ಕೊಟ್ಟಿಗೆಗೋ ಹೋಗುತ್ತದೆ. ಈಚಲು ಗರಿಯನ್ನು ಸೀಳಿ ಮಾಡಿದ ಈಚಲು ಪೊರಕೆ, ಸಗಣಿಯಿಂದ ಸಾರಿಸಿದ ಮಣ್ಣಿನ ನೆಲಕ್ಕೆ ಹೇಳಿ ಮಾಡಿಸಿದಂಥದು. ನುಣುಪು ನೆಲ ಬಂದ ಮೇಲೆ ಮನೆಯೊಳಗಿನ ಕೆಲಸ ಹುಲ್ಲು ಪೊರಕೆಯ ಪಾಲಾಯಿತು. ಮೇಘಾಲಯ ಮೊದಲಾದ ಈಶಾನ್ಯ ರಾಜ್ಯಗಳ ಬೆಟ್ಟಗಳಲ್ಲಿ ಬೆಳೆಯುವ ಹುಲ್ಲಿನ ಹೂಗೊಂಚಲುಗಳಿಂದ ಅದನ್ನು ಮಾಡುತ್ತಾರೆ. ಹೊಸದರಲ್ಲಿ ಅದು ಉದುರಿಸುವ ಹೊಟ್ಟನ್ನು ಗುಡಿಸಲು ಹಳೆಯ ಪೊರಕೆಯೇ ಬೇಕಾಗುತ್ತದೆ ಎಂಬುದನ್ನು ಯಾವ ಗೃಹಿಣಿಗೂ ಹೇಳಬೇಕಾಗಿಲ್ಲ.

‘ಬರಲು’ ಎಂಬ ಇನ್ನೊಂದು ಮಾತನ್ನೂ ನೀವು ಹಳ್ಳಿಯ ಹಿರಿಯರ ಬಾಯಲ್ಲಿ ಕೇಳಿರಬಹುದು. ಎಲೆ ಉದುರಿದ ಸಣ್ಣ ಕಡ್ಡಿಗಳಿಗೆ ಆ ಹೆಸರಿದ್ದು, ಅಂಥ ಕಡ್ಡಿಗಳನ್ನು ಸೇರಿಸಿ ಕಟ್ಟಿದ, ಕಣವನ್ನೋ ಹಿತ್ತಿಲನ್ನೋ ಗುಡಿಸುವ ಒರಟು ಪೊರಕೆಗೂ ಅದೇ ಹೆಸರು ನಿಂತಿದೆ. ದಕ್ಷಿಣ ಕನ್ನಡದವರು ‘ಹಿಡಿಸೂಡಿ’ ಎನ್ನುತ್ತಾರೆ; ಸೂಡಿ ಎಂದರೆ ಕಟ್ಟು. ಇಲ್ಲಿಯೂ ಹೆಸರು ಕೊಟ್ಟದ್ದು ವಸ್ತುವಿನ ರೂಪವೇ ಹೊರತು ಅದರ ಕೆಲಸವಲ್ಲ. ನಿಮ್ಮ ಸೊಸೆಯ ‘ಕಸಬರಿಗೆ’ಯಲ್ಲಿ ಮಾತ್ರ ಕಸ ಎದ್ದು ಕಾಣುತ್ತದೆ. ಆಕೆ ‘ಕಸ ಹೊಡೀತೀನಿ’ ಎಂದರೆ ಗಾಬರಿಯಾಗಬೇಕಿಲ್ಲ. ನಾವು ಗುಡಿಸುವುದನ್ನೇ ಉತ್ತರ ಕರ್ನಾಟಕದವರು ಹೊಡೆಯುತ್ತಾರೆ. ನಮ್ಮಲ್ಲಿ ಹೊಡೆಯುವುದು ಧೂಳನ್ನು ಮತ್ತು ಜೇಡರ ಬಲೆಯನ್ನು. ಸಂಸ್ಕೃತದ ‘ಸಂಮಾರ್ಜನೀ’, ‘ಶೋಧನೀ’ ಎಂಬ ಹೆಸರುಗಳು ಅಮರಕೋಶದಲ್ಲಿದ್ದರೂ ಕನ್ನಡದ ಮನೆಯೊಳಕ್ಕೆ ಅವು ಬರಲೇ ಇಲ್ಲ.

ಗುಡಿಸುವುದರಾಚೆಗೂ ಪೊರಕೆಗೆ ಬಳಕೆಯಿದೆ. ಮಗುವಿಗೆ ದೃಷ್ಟಿಯಾಗಿದೆಯೆಂದು ಪೊರಕೆ ಕಡ್ಡಿಗಳನ್ನು ನಿವಾಳಿಸಿ ಸುಡುತ್ತಾರೆ, ಅವು ಚಟಪಟ ಸಿಡಿದರೆ ದೃಷ್ಟಿ ಬಲವಾಗಿತ್ತೆಂದು ತಿಳಿಯುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಗುಡಿಸಬಾರದು, ಪೊರಕೆಯನ್ನು ತುಳಿಯಬಾರದು ಎಂಬ ಕಟ್ಟಳೆಗಳು ಲಕ್ಷ್ಮಿಯ ಹೆಸರಿನಲ್ಲಿ ನಡೆದುಬಂದಿವೆ. ಇಷ್ಟು ಮರ್ಯಾದೆ ಪಡೆದ ವಸ್ತುವೇ ಜಗಳದಲ್ಲಿ ಅವಮಾನದ ಆಯುಧವಾಗಿ, ‘ಪೊರಕೆ ಸೇವೆ’ ಎಂಬ ವ್ಯಂಗ್ಯದ ಮಾತಿಗೂ ಕಾರಣವಾಗಿದೆ. 12ನೆಯ ಶತಮಾನದ ಶರಣೆ ಸತ್ಯಕ್ಕ ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡಿದ್ದಳು. ಆ ಗೌರವ ಪೊರಕೆ ಹಿಡಿದವರೆಲ್ಲರಿಗೂ ಸಿಗಲಿಲ್ಲ. ಕಚೇರಿಯ ಕಾಗದಗಳಲ್ಲಿದ್ದ ‘ಜಾಡಮಾಲಿ’ ಹೋಗಿ ‘ಪೌರಕಾರ್ಮಿಕ’ ಬಂದದ್ದು ಈಚಿನ ಮಾತು, ಆ ಬದಲಾವಣೆ ಬೇಕೇ ಬೇಕಾಗಿತ್ತು.

ಇನ್ನು ಕೆಂಪು ಗೆರೆಯ ವಿಷಯ. ಬರವಣಿಗೆಗೆ ರಾಜ್ಯದ ಎಲ್ಲ ಕಡೆ ಸಲ್ಲುವ ರೂಪ ‘ಪೊರಕೆ’. 2012ರಲ್ಲಿ ಹುಟ್ಟಿದ ಆಮ್ ಆದ್ಮಿ ಪಕ್ಷದ ಚುನಾವಣಾ ಗುರುತನ್ನು ಕನ್ನಡ ಪತ್ರಿಕೆಗಳು ಪೊರಕೆಯೆಂದೇ ಬರೆದವು. ಮೊಮ್ಮಗಳು ಪರೀಕ್ಷೆಯಲ್ಲಿ ಹಾಗೆ ಬರೆಯುವುದು ಕ್ಷೇಮ. ಆದರೆ ‘ಪರಕೆ’ ಕಾಗುಣಿತದ ತಪ್ಪಲ್ಲ, ಒಂದು ಸೀಮೆಯ ರೂಪ. ಗೆರೆ ಎಳೆಯುವ ಬದಲು ಪಕ್ಕದಲ್ಲಿ ಇನ್ನೊಂದು ರೂಪವನ್ನು ಬರೆದುಕೊಟ್ಟಿದ್ದರೆ ಮಗುವಿಗೆ ಎರಡೂ ದಕ್ಕುತ್ತಿದ್ದವು.

ಮಾಪನ್ನು ಪೊರಕೆ ಎನ್ನಲಾಗದು. ಗುಡಿಸುವುದು, ಸಾರಿಸುವುದು, ಒರೆಸುವುದು ಮೂರೂ ಬೇರೆ ಬೇರೆ ಕೆಲಸಗಳು; ಪೊರಕೆಯದು ಮೊದಲನೆಯದು, ಮಾಪಿನದು ಕೊನೆಯದು. ಒದ್ದೆ ಮಾಡದೆ ಧೂಳು ತೆಗೆಯುವ ಅಗಲ ಬಟ್ಟೆಯ ಮಾಪು ಕೂಡ ಕೆಲಸದಲ್ಲಿ ಪೊರಕೆಗೆ ಸಮೀಪವಾದರೂ, ಕಡ್ಡಿಯೂ ಹುಲ್ಲೂ ಇಲ್ಲದ್ದರಿಂದ ಜನ ಅದನ್ನು ಆ ಹೆಸರಿನಿಂದ ಕರೆಯುತ್ತಿಲ್ಲ. ‘ಮಾಪು’ ಎಂದೇ ಬರೆಯಿರಿ, ಅಂಗಡಿಯವರಿಗೂ ಅದೇ ಅರ್ಥವಾಗುತ್ತದೆ.