ಪಿಇ ಕಡಿಮೆ ಇರುವ ಷೇರು ಕೊಂಡರೆ ಸಾಕಾ?

ವ್ಯಾಲ್ಯೂ ಇನ್ವೆಸ್ಟಿಂಗ್, ಅಂದರೆ ಷೇರನ್ನು ಅದರ ನಿಜವಾದ ಯೋಗ್ಯತೆಗಿಂತ ಕಡಿಮೆ ಬೆಲೆಗೆ ಕೊಳ್ಳುವ ವಿದ್ಯೆ ಕಲಿಯಬೇಕು, ಪಿಇ ಕಡಿಮೆ ಇರುವ ಷೇರು ಹುಡುಕಿ ಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಪಿಇ ಅಂದರೆ ಷೇರಿನ ಬೆಲೆ, ಆ ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ. ನಾನು ಬಳ್ಳಾರಿಯವನು, ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಕಡೆಯದೇ ಒಂದು ವಿಷಯ ಹೇಳುತ್ತೇನೆ.

ಇಲ್ಲಿಂದ ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಬಹಳ ಜನ. ಆ ವರ್ಷದ ಬಾಡಿಗೆ ನೋಡಿ, ಇಷ್ಟು ವರ್ಷಕ್ಕೆ ಲಾರಿ ದುಡ್ಡು ಹುಟ್ಟುತ್ತೆ ಅಂತ ಲೆಕ್ಕ ಹಾಕಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಕಂತು ನಿಲ್ಲಲಿಲ್ಲ.

ಉಕ್ಕಿನ ಷೇರಿನಲ್ಲೂ ಜನ ಇದೇ ಲೆಕ್ಕ ಹಾಕುತ್ತಾರೆ. ಒಂದು ಷೇರಿನ ಬೆಲೆ 300 ರೂಪಾಯಿ ಅಂದುಕೊಳ್ಳಿ. ಈ ವರ್ಷ ಉಕ್ಕಿಗೆ ಒಳ್ಳೆ ರೇಟು, ಷೇರಿಗೆ 60 ರೂಪಾಯಿ ಲಾಭ. ಪಿಇ ಬರೀ 5. ಎಷ್ಟು ಅಗ್ಗ, ಅಲ್ವಾ? ಆದರೆ ಹತ್ತು ವರ್ಷದ ಸರಾಸರಿ ಲಾಭ 15 ರೂಪಾಯಿ ಇದ್ದರೆ ನೀವು ನಿಜವಾಗಿ ಕೊಡುತ್ತಿರುವುದು ಇಪ್ಪತ್ತು ಪಟ್ಟು. ಇನ್ನು ಕೆಟ್ಟ ವರ್ಷದಲ್ಲಿ ಲಾಭ 4ಕ್ಕೆ, ಬೆಲೆ 100ಕ್ಕೆ ಇಳಿದಾಗ ಪಿಇ 25 ತೋರಿಸುತ್ತದೆ. ದುಬಾರಿ ಅಂತ ಎಲ್ಲರೂ ಓಡಿಹೋಗುತ್ತಾರೆ. ಸರಾಸರಿ ಹಿಡಿದರೆ ಅದು ಏಳು ಪಟ್ಟೂ ಇಲ್ಲ! ಇಂಥ ಧಂದೆಗಳಲ್ಲಿ ಪಿಇ ಹೀಗೆ ತಲೆಕೆಳಗಾಗಿ ಮಾತಾಡುತ್ತದೆ.

ಬೆಂಜಮಿನ್ ಗ್ರಹಾಂ ಅಂತ ಒಬ್ಬರಿದ್ದರು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್‌ಗೆ ಪಾಠ ಮಾಡಿದವರು. ಒಂದೇ ವರ್ಷದ ಲಾಭ ನಂಬಬೇಡಿ, ಹಲವು ವರ್ಷದ ಸರಾಸರಿ ತೆಗೆಯಿರಿ ಅಂತ 1930ರ ದಶಕದಲ್ಲೇ ಬರೆದಿದ್ದರು. 'ಮಾರ್ಜಿನ್ ಆಫ್ ಸೇಫ್ಟಿ', ಅಂದರೆ ಲೆಕ್ಕ ತಪ್ಪಿದರೂ ಪೆಟ್ಟು ಬೀಳದಂತೆ ಬೆಲೆಯಲ್ಲಿ ಬಿಟ್ಟುಕೊಳ್ಳುವ ಅಂತರ, ಎನ್ನುವುದೂ ಅವರದೇ. ಮೇಲಿನ ಷೇರಿಗೆ ಸರಾಸರಿ ಲಾಭದ ಹದಿನೈದು ಪಟ್ಟು, ಅಂದರೆ 225 ರೂಪಾಯಿ ಕೊಡಬಹುದು ಅಂತ ನಿಮಗೆ ಅನಿಸಿದರೆ, 220ಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. 150ರ ಹತ್ತಿರ ಬರಲಿ. ನಮ್ಮ ಅಂದಾಜು ತಪ್ಪಬಹುದು, ಅದಕ್ಕೇ ಆ 75 ರೂಪಾಯಿ ಬಿಡುವುದು. ಬರದಿದ್ದರೆ ಬಿಟ್ಟುಬಿಡಿ. ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಕಷ್ಟದ ಭಾಗ ಹೀಗೆ ಸುಮ್ನೆ ಕೂರುವುದೇ.

ಕಂಪನಿಗಳ ವಾರ್ಷಿಕ ವರದಿ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಫೋಟೋ, ಅಧ್ಯಕ್ಷರ ಭಾಷಣ ದಾಟಿ ನೇರ ಕ್ಯಾಶ್ ಫ್ಲೋ, ಅಂದರೆ ನಗದು ಎಷ್ಟು ಬಂತು ಎಷ್ಟು ಹೋಯಿತು ಎನ್ನುವ ಪುಟಕ್ಕೆ ಹೋಗಿ. ಲಾಭ ವರ್ಷಾವರ್ಷ ಏರುತ್ತಿದೆ, ವ್ಯವಹಾರದಿಂದ ನಗದು ಮಾತ್ರ ಬರುತ್ತಿಲ್ಲ ಎಂದರೆ ಮಾಲು ಉದ್ರಿ ಹೋಗಿ ದುಡ್ಡು ಸಿಕ್ಕಿಬಿದ್ದಿರಬಹುದು, ಇಲ್ಲ ಗೋದಾಮಿನಲ್ಲಿ ಸರಕು ಕೂತಿರಬಹುದು. ಆಮೇಲೆ ಸಾಲ ನೋಡಿ. ಮಾಲೀಕರು ತಮ್ಮ ಷೇರು ಅಡ ಇಟ್ಟಿದ್ದಾರಾ ಅಂತಲೂ ನೋಡಿ, ಅದು ಎನ್‌ಎಸ್‌ಇ, ಬಿಎಸ್‌ಇ ಎಂಬ ಷೇರುಪೇಟೆಗಳ ಸೈಟುಗಳಲ್ಲಿ ಸಿಗುತ್ತದೆ.

ಶುರುವಿಗೆ ಒಂದು ಉಕ್ಕಿನ ಕಂಪನಿ, ಒಂದು ಸೋಪಿನ ಕಂಪನಿ ಆರಿಸಿ ಎರಡರದ್ದೂ ಹತ್ತು ವರ್ಷದ ಲಾಭ, ನಗದು, ಸಾಲ ಅಕ್ಕಪಕ್ಕ ಬರೆದುಕೊಳ್ಳಿ. ಬ್ಯಾಂಕ್ ಷೇರು ಈಗಲೇ ಬೇಡ. ಅವುಗಳಿಗೆ ಸಾಲವೇ ಸರಕು, ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ.