ರಾಗಿ ತುಂಬಿದ ಚೊಂಬು ನಿಧಾನವಾಗಿ ತೂಗಿದ್ದೇಕೆ?

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ಮಗಳು ಮನೆಯಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದಳು. ತೊಟ್ಟಿಲು ಕಟ್ಟುವ ಕೊಂಡಿಗೆ 50 ಸೆಂ.ಮೀ. ದಾರ ಇಳಿಬಿಟ್ಟು, ಕಬ್ಬಿಣದ ನಟ್ಟು ಕಟ್ಟಿದಾಗ 20 ಆಂದೋಲನಗಳಿಗೆ 28.7 ಸೆಕೆಂಡ್ ಹಿಡಿಯಿತು. ರಾಗಿ ತುಂಬಿದ ಹಿತ್ತಾಳೆ ಚೊಂಬು ಕಟ್ಟಿದಾಗ 30.3 ಸೆಕೆಂಡ್. ಮೂರು ಸಲ ಅಳೆದರೂ ಹೀಗೆಯೇ. ಆಂದೋಲನದ ಅವಧಿ ತೂಕವನ್ನು ಅವಲಂಬಿಸದು ಎನ್ನುತ್ತದೆ ಪುಸ್ತಕ. ರೆಕಾರ್ಡಿನಲ್ಲಿ ಏನು ಬರೆಯಬೇಕು?
– ಓದುಗರೊಬ್ಬರು, ಮಂಡ್ಯ

ಉತ್ತರ: ಕಂಡದ್ದನ್ನೇ ಬರೆಯಲಿ. ಮೈಸೂರಿನಲ್ಲಿ ಪಾಠ ಮಾಡುತ್ತಿದ್ದಾಗ, ಪುಸ್ತಕದಲ್ಲಿರುವ ಗುರುತ್ವ ವೇಗೋತ್ಕರ್ಷದ ಬೆಲೆ 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿಸಿದ ರೆಕಾರ್ಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ತಪ್ಪೂ ಇರುತ್ತಿರಲಿಲ್ಲ, ಪ್ರಯೋಗವೂ ಇರುತ್ತಿರಲಿಲ್ಲ.

ಸ್ಟಾಪ್‌ವಾಚ್ ಒತ್ತುವ ಕೈ ಒಂದೆರಡು ದಶಾಂಶ ಸೆಕೆಂಡ್ ತಪ್ಪಬಹುದೇ ಹೊರತು, ಮೂರು ಸಲವೂ ಒಂದೇ ಕಡೆಗೆ 1.6 ಸೆಕೆಂಡ್ ತಪ್ಪುವುದಿಲ್ಲ. ಆದ್ದರಿಂದ ಈ ವ್ಯತ್ಯಾಸ ನಿಜವಾದದ್ದೇ. ಆದರೆ ನಟ್ಟು ಬಿಚ್ಚಿ ಚೊಂಬು ಕಟ್ಟಿದಾಗ ಬದಲಾದದ್ದು ತೂಕವೊಂದೇ ಅಲ್ಲ ಎಂಬುದು ನನ್ನ ಅನುಮಾನ. ಲೋಲಕದ ಉದ್ದವನ್ನು ಗಂಟಿನವರೆಗೆ ಅಲ್ಲ, ಕೆಳಗೆ ತೂಗುವ ವಸ್ತುವಿನ ಗುರುತ್ವ ಕೇಂದ್ರದವರೆಗೆ ಅಳೆಯಬೇಕು. ನಟ್ಟಿನ ಕೇಂದ್ರ ಗಂಟಿನಿಂದ 1 ಸೆಂ.ಮೀ. ಕೆಳಗಿದ್ದರೆ, ಕಂಠಕ್ಕೆ ದಾರ ಬಿಗಿದ ಚೊಂಬಿನದು ಸುಮಾರು 7 ಸೆಂ.ಮೀ. ಕೆಳಗಿದ್ದೀತು, ಅಂದರೆ ನೀವು ಹೋಲಿಸಿದ್ದು 51 ಮತ್ತು 57 ಸೆಂ.ಮೀ. ಉದ್ದದ ಎರಡು ಲೋಲಕಗಳನ್ನು. ಅವಧಿಯು ಉದ್ದದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, 57ನ್ನು 51ರಿಂದ ಭಾಗಿಸಿ, ವರ್ಗಮೂಲ ತೆಗೆದು, 28.7ರಿಂದ ಗುಣಿಸಿದರೆ 30.3 ಬರುತ್ತದೆ.

ಲೆಕ್ಕ ಹೊಂದಿತೆಂದು ಇಲ್ಲಿಗೇ ನಿಲ್ಲಬೇಡಿ, ಏಕೆಂದರೆ ಫಲಿತಾಂಶ ತಿಳಿದ ಮೇಲೆ ಕಾರಣ ಹೊಂದಿಸುವುದು ಯಾರಿಗಾದರೂ ಸುಲಭ. ಚೊಂಬಿನ ದಾರವನ್ನು 6 ಸೆಂ.ಮೀ. ಮೊಟಕು ಮಾಡಿದರೆ ಮತ್ತೆ 28.7 ಬರಬೇಕು ಎಂದು ಮಗಳು ಮೊದಲೇ ಬರೆದಿಟ್ಟು, ಆಮೇಲೆ ಅಳೆಯಲಿ. ಬಾರದಿದ್ದರೆ ನನ್ನ ಊಹೆ ತಪ್ಪು. ಆಗ ಎಳೆದುಬಿಟ್ಟ ಕೋನವನ್ನು ಶಂಕಿಸಬೇಕಾಗುತ್ತದೆ. ಕೋನ 10 ಡಿಗ್ರಿಯೊಳಗಿದ್ದರೆ ಅವಧಿ ಹೆಚ್ಚುವುದು ಶೇ 0.2ರಷ್ಟು ಮಾತ್ರ, ಆದರೆ ನಿಮಗೆ ಸಿಕ್ಕಷ್ಟು ವ್ಯತ್ಯಾಸ ಬರಬೇಕಾದರೆ ಚೊಂಬನ್ನು 50 ಡಿಗ್ರಿಗೂ ಮೀರಿ ಎಳೆದಿರಬೇಕು. ಹಾಗೆ ಎಳೆದದ್ದುಂಟೇ ಎಂಬುದನ್ನು ಮಗಳನ್ನೇ ಕೇಳಿ. ರಾಗಿ ನೆಲಕ್ಕೆ ಚೆಲ್ಲಿದ್ದರೆ ಕೇಳುವ ಅಗತ್ಯವೂ ಬೀಳದು.